ಕಲಬುರಗಿಯಿಂದ ಬ್ಲಾಕ್ ಕಳಿಸಿ ಬಯೋಮಾರ್ಕರ್ ಟೆಸ್ಟ್: ಅಪರೂಪದ ಕರುಳು-ಮಾದರಿ ಕ್ಯಾನ್ಸರಿಗೆ ಈ ಸೇವೆ ಎಷ್ಟು ನಂಬಬಹುದು?

ಕಲಬುರಗಿಯ ಸೇಡಂ ರಸ್ತೆಯ ಆಸ್ಪತ್ರೆಗಳ ಆಸುಪಾಸಿನಲ್ಲಿ ಈಗ ಹೊರ ಊರಿನ ದೊಡ್ಡ ಲ್ಯಾಬ್‌ಗಳ ಕಲೆಕ್ಷನ್ ಸೆಂಟರ್‌ಗಳಿವೆ. ಕೌಂಟರಿನಲ್ಲಿ ಬಯಾಪ್ಸಿ ಡಬ್ಬಿಯನ್ನೋ ಪ್ಯಾರಾಫಿನ್ ಬ್ಲಾಕನ್ನೋ (ತುಂಡನ್ನು ಮೇಣದಲ್ಲಿ ಹುದುಗಿಸಿದ್ದು) ಕೊಟ್ಟು ದುಡ್ಡು ಕಟ್ಟಿದರೆ ಮುಂದಿನ ಕೆಲಸ ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಮುಂಬೈಯಲ್ಲೋ ನಡೆದು ರಿಪೋರ್ಟ್ ಮೊಬೈಲಿಗೆ ಬರುತ್ತದೆ. ಬೀದರ್, ಯಾದಗಿರಿಯವರಿಗೂ ಹೆಚ್ಚುಕಡಿಮೆ ಇದೇ ದಾರಿ. ಸಕ್ಕರೆ, ಥೈರಾಯ್ಡ್ ಪರೀಕ್ಷೆಗೆ ಈ ಏರ್ಪಾಡು ಸಲೀಸಾಗಿ ನಡೆಯುತ್ತದೆ. ಅಪರೂಪದ ಕ್ಯಾನ್ಸರಿನ ತುಂಡು ಅದೇ ಕೌಂಟರಿಗೆ ಬಂದಾಗ ಏನು ಸರಿ ನಡೆಯುತ್ತದೆ, ಎಲ್ಲಿ ಕೆಡುತ್ತದೆ ಎಂಬುದನ್ನು ಇಲ್ಲಿ ತೂಗಿ ನೋಡಿದ್ದೇವೆ. ಇಲ್ಲಿ ಹೇಳಿದ ಹುಳುಕುಗಳು ಒಂದೇ ಅಂಗಡಿಯವಲ್ಲ, ಈ ಇಡೀ ಏರ್ಪಾಡಿನವು. ಹಾಗಾಗಿ ಯಾವ ಲ್ಯಾಬಿನ ಹೆಸರನ್ನೂ ಹಾಕಿಲ್ಲ.

ಅಪರೂಪದ್ದು ಎಂದರೆ ಕರುಳು-ಮಾದರಿಯ ಅಡೆನೋಕಾರ್ಸಿನೋಮಗಳು, ಅಂದರೆ ಗ್ರಂಥಿಕೋಶಗಳ ಕ್ಯಾನ್ಸರ್‌ಗಳು. ಸಣ್ಣ ಕರುಳಿನದು (ಅದರಲ್ಲಿ ಹೆಚ್ಚಿನವು ಸಣ್ಣ ಕರುಳಿನ ಮೊದಲ ಭಾಗವಾದ ಡುವೊಡಿನಮ್‌ನಲ್ಲಿ), ಪಿತ್ತನಾಳ ಕರುಳಿಗೆ ತೆರೆದುಕೊಳ್ಳುವ ಜಾಗವಾದ ಆಂಪುಲ್ಲದ್ದು, ಅಪೆಂಡಿಕ್ಸಿನದು, ಮೂತ್ರಚೀಲದ ನೆತ್ತಿಯಲ್ಲಿ ಹುಟ್ಟುವ ಯುರೇಕಲ್ ಗಡ್ಡೆ, ಶ್ವಾಸಕೋಶದ ಎಂಟರಿಕ್ (ಕರುಳಿನಂಥ) ಮಾದರಿ, ಮೂಗಿನ ಎತ್‌ಮಾಯ್ಡ್ ಸೈನಸ್ಸಿನಲ್ಲಿ ಬರುವ ಐಟಾಕ್ (ಕರುಳು-ಮಾದರಿ ಅಡೆನೋಕಾರ್ಸಿನೋಮ ಎಂಬುದರ ಇಂಗ್ಲಿಷ್ ಚುಟುಕು ಹೆಸರು). ಮೈಕ್ರೋಸ್ಕೋಪಿನಲ್ಲಿ ಇವೆಲ್ಲ ದೊಡ್ಡ ಕರುಳಿನ ಕ್ಯಾನ್ಸರಿನಂತೆಯೇ ಕಾಣುತ್ತವೆ. ಲ್ಯಾಬಿನವರು ಎರಡು ಪ್ರಶ್ನೆಗೆ ಉತ್ತರ ಕೊಡಬೇಕು: ಗಡ್ಡೆ ಹುಟ್ಟಿದ್ದು ಎಲ್ಲಿ, ಅದು ಯಾವ ಔಷಧಿಗೆ ಬಗ್ಗೀತು. ಇದನ್ನು ತಿಳಿಸುವ ಪ್ರೋಟೀನ್ ಮತ್ತು ಜೀನ್ ಗುರುತುಗಳೇ ಬಯೋಮಾರ್ಕರ್.

ಅಂಕ ಮೊದಲೇ ಹೇಳಿಬಿಡುತ್ತೇವೆ. ದೂರದ ಲ್ಯಾಬಿನ ಸ್ಟೇನಿಂಗ್ (ತುಂಡಿಗೆ ಬಣ್ಣ ಹಾಕುವುದು) ಮತ್ತು ಓದುವಿಕೆಗೆ 5ಕ್ಕೆ 4. ಇಲ್ಲಿನ ಕೌಂಟರಿನ ಕೆಲಸಕ್ಕೆ 5ಕ್ಕೆ 2. ಪ್ಯಾಕೇಜ್ ಮಾರುವ ರೀತಿಗೆ 5ಕ್ಕೆ 1. ಮೊದಲನೆಯ ಅಂಕ ಎಷ್ಟೇ ಹೆಚ್ಚಿದ್ದರೂ ಎರಡನೆಯದು ಅದನ್ನು ಎಳೆದು ಹಾಕುತ್ತದೆ, ಏಕೆಂದರೆ ತುಂಡು ಕಲಬುರಗಿಯಲ್ಲೇ ಕೆಟ್ಟರೆ ಮುಂಬೈಯಲ್ಲಿ ಎಂಥ ಯಂತ್ರ ಇದ್ದರೂ ಅದನ್ನು ಸರಿಮಾಡಲಾಗುವುದಿಲ್ಲ.

ಮೊದಲ ಡಬ್ಬಿ

ಎಂಡೋಸ್ಕೋಪಿಯಲ್ಲಿ ಫೋರ್ಸೆಪ್ಸ್ ಕಿತ್ತುಕೊಡುವ ತುಂಡು 2ರಿಂದ 3 ಮಿ.ಮೀ., ತೊಗರಿಬೇಳೆಯ ಅರ್ಧದಷ್ಟು. ಇಂಥವು 6ರಿಂದ 8 ಬೇಕು. ಆಂಪುಲ್ಲ ಅಥವಾ ಡುವೊಡಿನಮ್ ಗಡ್ಡೆಯ ಮೇಲ್ಮೈಯಿಂದ ಎರಡೇ ತುಂಡು ತೆಗೆದರೆ ಮೇಲಿನ ಅಡೆನೋಮ (ಇನ್ನೂ ಕ್ಯಾನ್ಸರ್ ಆಗದ ಗಡ್ಡೆ) ಮಾತ್ರ ಸಿಕ್ಕಿ ಅಡಿಯಲ್ಲಿರುವ ಕ್ಯಾನ್ಸರ್ ತಪ್ಪಿಹೋಗುವುದುಂಟು. ಅಷ್ಟು ಕಡಿಮೆ ತುಂಡಿನಲ್ಲಿ ಬಯೋಮಾರ್ಕರಿಗೆ ಅಂಗಾಂಶವೂ ಉಳಿಯುವುದಿಲ್ಲ.

ತುಂಡು ಹೊರಬಂದ ಒಂದು ಗಂಟೆಯೊಳಗೆ, ಕೊಳೆಯದಂತೆ ಅದನ್ನು ಗಟ್ಟಿ ಮಾಡುವ 10 ಪರ್ಸೆಂಟ್ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ನಲ್ಲಿ ಮುಳುಗಬೇಕು. ಸಣ್ಣ ಬಯಾಪ್ಸಿಗೆ ಅಷ್ಟು ಹೊತ್ತೂ ಕಾಯಬೇಕಿಲ್ಲ, ಫೋರ್ಸೆಪ್ಸಿನಿಂದ ನೇರ ಡಬ್ಬಿಗೇ ಬೀಳಲಿ. ಈ ದ್ರವವನ್ನು ಯಾವ ಆಸ್ಪತ್ರೆಯೂ ತಾನೇ ಮಾಡಿಕೊಳ್ಳಬಹುದು. 37ರಿಂದ 40 ಪರ್ಸೆಂಟಿನ ಫಾರ್ಮಾಲ್ಡಿಹೈಡ್ ದ್ರಾವಣ 100 ಮಿ.ಲೀ., ಡಿಸ್ಟಿಲ್ಡ್ ನೀರು 900 ಮಿ.ಲೀ., ಮಾನೋಹೈಡ್ರೇಟ್ ರೂಪದ ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 4 ಗ್ರಾಂ, ಅನ್‌ಹೈಡ್ರಸ್ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಪಿಎಚ್ 7ರ ಆಸುಪಾಸು ನಿಲ್ಲಬೇಕು. ಫಾಸ್ಫೇಟಿನ ಎರಡು ಪೊಟ್ಟಣ ಉಳಿಸಲು ಹೋಗಿ ಬರೀ ನಲ್ಲಿ ನೀರು ಬೆರೆಸಿದ ಫಾರ್ಮಲಿನ್ ಇಟ್ಟರೆ ಅದು ಇಟ್ಟಲ್ಲೇ ಫಾರ್ಮಿಕ್ ಆಸಿಡ್ ಆಗುತ್ತ ಹೋಗುತ್ತದೆ. ಸ್ಲೈಡಿನಲ್ಲಿ ಕಂದುಗಪ್ಪು ಪಿಗ್ಮೆಂಟಿನ ಚುಕ್ಕೆ ಕಾಣುತ್ತದೆ. ಅದು ಬಿಡಿ, ಡಿಎನ್‌ಎ ಚೂರುಚೂರಾಗುವುದೇ ನಿಜವಾದ ನಷ್ಟ.

ಕೌಂಟರಿನಲ್ಲಿ ಕಾಣುವ ಡಬ್ಬಿಯನ್ನು ಹತ್ತಿರದಿಂದ ನೋಡಿ. ಮೂತ್ರ ಪರೀಕ್ಷೆಗೆ ಕೊಡುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳದ ಮೇಲೆ ಬಾಲ್‌ಪೆನ್ನಿನಲ್ಲಿ ಅರ್ಧ ಹೆಸರು, ಒಳಗೆ ಬಣ್ಣವಿಲ್ಲದ ನೀರಿನಂಥ ದ್ರವ. ಮುಚ್ಚಳ ತೆಗೆದರೆ ಫಾರ್ಮಲಿನ್ನಿನ ಕಟು ವಾಸನೆ ಮೂಗಿಗೆ ಹೊಡೆಯಬೇಕು. ಹೊಡೆಯದಿದ್ದರೆ ಅದು ಸಲೈನ್. ಕೇಳಿದರೆ ಬರುವ ಉತ್ತರ: "ಫಾರ್ಮಲಿನ್ ಮುಗದದ್ರಿ, ಸಲೈನ್‌ದಾಗ ಹಾಕೀವಿ, ಏನ್ ಆಗಲ್ರಿ." ಆಗುತ್ತದೆ. ಸಲೈನಿನಲ್ಲಿ ಅಂಗಾಂಶ ತನ್ನ ಎನ್‌ಜೈಮ್‌ಗಳಿಂದಲೇ ಕರಗತೊಡಗುತ್ತದೆ, ಅದೂ ಏಪ್ರಿಲ್-ಮೇ ತಿಂಗಳ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಬಲು ಬೇಗ. ಕರುಳಿನ ಒಳಪದರ ಎಲ್ಲಕ್ಕಿಂತ ಮೊದಲು ಉದುರುತ್ತದೆ. ಸಲೈನಿನ ಡಬ್ಬಿಯನ್ನು ಫ್ರಿಜ್ಜಿನಲ್ಲಿಟ್ಟರೂ ಕೊಳೆಯುವುದು ನಿಧಾನವಾಗುತ್ತದಷ್ಟೆ, ನಿಲ್ಲುವುದಿಲ್ಲ. ಸಲೈನಿನಲ್ಲಿ ಕಳಿಸಬೇಕಾದ ತುಂಡು ಬೇರೆ ಇವೆ, ಕಲ್ಚರಿಗೆ ಹೋಗುವವು. ಕೌಂಟರಿನವರಿಗೆ ಈ ಎರಡರ ಭೇದ ತಿಳಿಸಿಕೊಟ್ಟ ಸೆಂಟರ್‌ಗಳು ಕಡಿಮೆ. 5ಕ್ಕೆ 2 ಕೊಟ್ಟಿರುವುದಕ್ಕೆ ಮೊದಲ ಕಾರಣ ಇದು.

ದೊಡ್ಡ ಆಪರೇಷನ್ನಿನ ತುಂಡಿನ ಗತಿ ಇನ್ನೂ ಕಷ್ಟ. ವಿಪಲ್ ಆಪರೇಷನ್ನಿನಲ್ಲಿ ಡುವೊಡಿನಮ್, ಮೇದೋಜೀರಕದ ತಲೆ, ಪಿತ್ತನಾಳ ಒಟ್ಟಿಗೆ ಹೊರಬರುತ್ತವೆ. ಅದನ್ನು ಡಬ್ಬಿ ತುಂಬ ತುರುಕಿ ಮೇಲೆ ಒಂದಿಷ್ಟು ಫಾರ್ಮಲಿನ್ ಸುರಿದು ಕಳಿಸಿದರೆ ಹೊರಗಿನ ಪದರ ಗಟ್ಟಿಯಾಗಿ ಒಳಗಿನದು ಕೊಳೆಯುತ್ತದೆ. ಫಾರ್ಮಲಿನ್ ಒಳಗಿಳಿಯುವುದು ಸುಮಾರು ಗಂಟೆಗೆ ಒಂದು ಮಿ.ಮೀ., ಆಳಕ್ಕೆ ಹೋದಂತೆ ಇನ್ನೂ ನಿಧಾನ. ಆದ್ದರಿಂದ ತುಂಡಿನ ಗಾತ್ರದ ಕನಿಷ್ಠ 10 ಪಟ್ಟು ಫಾರ್ಮಲಿನ್ ಇರಬೇಕು, ಕರುಳನ್ನು ಗಡ್ಡೆ ಇಲ್ಲದ ಬದಿಯಿಂದ ಉದ್ದಕ್ಕೆ ಸೀಳಿ ತೆರೆಯಬೇಕು, ಒಳಗಿನ ಮಲ, ಪಿತ್ತ ತೊಳೆಯಬೇಕು. ಆಂಪುಲ್ಲ ಇದ್ದರೆ ಪಿತ್ತನಾಳಕ್ಕೂ ಮೇದೋಜೀರಕದ ನಾಳಕ್ಕೂ ಪ್ರೋಬ್ ತೂರಿಸಿ ಅದರ ಗುಂಟ ಸೀಳಬೇಕು, ಆಗ ಗಡ್ಡೆ ಆಂಪುಲ್ಲದ ಒಳಗೆ ಹುಟ್ಟಿದ್ದೋ ಡುವೊಡಿನಮ್ ಮೇಲಿನದೋ ಎಂಬುದು ಕಣ್ಣಿಗೇ ಕಾಣುತ್ತದೆ. ಈ ಕೆಲಸ ಕೊರಿಯರ್ ಡಬ್ಬಿಯಲ್ಲಿ ಆಗುವಂಥದ್ದಲ್ಲ. ಆಪರೇಷನ್ ಆದ ಊರಿನಲ್ಲೇ ಪೆಥಾಲಜಿಸ್ಟ್ ಕೈಯಲ್ಲಿ ಆಗಬೇಕು.

ಸಮಯದ ಲೆಕ್ಕವೂ ಇದೆ. ಫಾರ್ಮಲಿನ್‌ನಲ್ಲಿ ಇರಬೇಕಾದ್ದು 6ರಿಂದ 72 ಗಂಟೆ. 6 ಗಂಟೆಗಿಂತ ಮೊದಲೇ ಪ್ರೊಸೆಸರಿಗೆ (ತುಂಡನ್ನು ಮೇಣಕ್ಕೆ ಸಿದ್ಧಮಾಡುವ ಯಂತ್ರ) ಹಾಕಿದರೆ ತುಂಡಿನ ನಡುಭಾಗ ಫಾರ್ಮಲಿನ್ನಿನಿಂದಲ್ಲ, ಮುಂದಿನ ಹಂತದ ಆಲ್ಕೋಹಾಲಿನಿಂದ ಗಟ್ಟಿಯಾಗುತ್ತದೆ, ಆಮೇಲೆ ಹರ್2 (ಕೆಲವು ಔಷಧಿಗಳು ಗುರಿಯಿಡುವ ಪ್ರೋಟೀನ್) ಸ್ಟೇನ್ ಅಂಚಿನಲ್ಲಿ ಒಂದು ಥರ, ನಡುವೆ ಇನ್ನೊಂದು ಥರ. 72 ಗಂಟೆ ದಾಟಿದರೆ ಪ್ರೋಟೀನ್‌ಗಳ ನಡುವಿನ ಕೊಂಡಿ ಬಿಗಿಯಾಗಿ ಆಂಟಿಬಾಡಿ ಹಿಡಿಯುವುದಿಲ್ಲ, ಡಿಎನ್‌ಎಯಲ್ಲಿ ಸೈಟೋಸಿನ್ ಎಂಬ ಅಕ್ಷರ ಕೆಟ್ಟು ಸುಳ್ಳು ಮ್ಯೂಟೇಶನ್‌ಗಳು ಕಾಣಿಸಿಕೊಳ್ಳುತ್ತವೆ. ಶನಿವಾರ ಸಂಜೆ ಕೊಟ್ಟದ್ದು ಸೋಮವಾರ ಬೆಳಿಗ್ಗೆ ಪ್ರೊಸೆಸ್ ಆದರೆ ತೊಂದರೆಯಿಲ್ಲ. ದಸರೆ, ದೀಪಾವಳಿಯ ಸಾಲು ರಜೆಯಲ್ಲಿ ಡಬ್ಬಿ ಕೌಂಟರಿನ ಮೂಲೆಯಲ್ಲಿ ಕೂತರೆ ತೊಂದರೆಯೇ. ಅಂಥ ಹೊತ್ತಿನಲ್ಲಿ ಗಟ್ಟಿಯಾದ ತುಂಡನ್ನು 70 ಪರ್ಸೆಂಟ್ ಆಲ್ಕೋಹಾಲಿಗೆ ವರ್ಗಾಯಿಸುವುದು ವಾಸಿ. ಫಾರ್ಮಲಿನ್‌ಗೆ ಹಾಕಿದ ಗಂಟೆಯನ್ನು ಫಾರ್ಮಿನಲ್ಲಿ ಬರೆಯಲು ಕಾಲಂ ಇರುತ್ತದೆ. ಅದು ಹೆಚ್ಚಾಗಿ ಖಾಲಿ ಇರುತ್ತದೆ. ನೀವೇ ಕೇಳಿ ಬರೆಸಿ.

ಡಬ್ಬಿ ಬೇಡ, ಬ್ಲಾಕ್ ಕಳಿಸಿ

ಇದೊಂದು ಮಾತನ್ನು ಒತ್ತಿ ಹೇಳಬೇಕು. ಬ್ಲಾಕ್ ಆಗದ ತುಂಡನ್ನು ಹೊರ ಊರಿಗೆ ಕಳಿಸಬೇಡಿ. ಕಲಬುರಗಿಯಲ್ಲಿ ಜಿಮ್ಸ್, ಎಂ.ಆರ್., ಇಎಸ್‌ಐಸಿ, ಕೆಬಿಎನ್ ವೈದ್ಯಕೀಯ ಕಾಲೇಜುಗಳಿವೆ, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ಎಲ್ಲ ಕಡೆ ಪೆಥಾಲಜಿ ವಿಭಾಗ ಇದೆ. ಮೊದಲ ಗ್ರಾಸಿಂಗ್ (ತುಂಡನ್ನು ಕಣ್ಣಿನಿಂದ ನೋಡಿ ಕತ್ತರಿಸುವುದು), ಬ್ಲಾಕ್, ಎಚ್ ಅಂಡ್ ಇ (ಮಾಮೂಲಿ ಬಣ್ಣ ಹಾಕಿದ) ಸ್ಲೈಡ್ ಇಲ್ಲೇ ಆಗಲಿ, ಹೊರಗೆ ಹೋಗಬೇಕಾದ್ದು ಬ್ಲಾಕ್ ಮಾತ್ರ. ದ್ರವ ತುಂಬಿದ ಫಾರ್ಮಲಿನ್ ಡಬ್ಬಿಯನ್ನು ತೆಗೆದುಕೊಳ್ಳಲು ಕೊರಿಯರಿನವರು ತಕರಾರು ಮಾಡುತ್ತಾರೆ, ದಾರಿಯಲ್ಲಿ ಸೋರಿದರೆ ತುಂಡು ಒಣಗಿಹೋಗುತ್ತದೆ. ಬ್ಲಾಕಿಗೆ ಆ ಗೋಳಿಲ್ಲ. ಅದಕ್ಕಿಂತ ಮುಖ್ಯವಾಗಿ, ಇಲ್ಲಿನ ಪೆಥಾಲಜಿಸ್ಟ್ ಎಚ್ ಅಂಡ್ ಇ ನೋಡಿದ ಮೇಲೆ ಯಾವ ಮಾರ್ಕರ್ ಬೇಕು ಎಂಬುದು ಗೊತ್ತಾಗುತ್ತದೆ, ಬೇಡದ್ದಕ್ಕೆ ದುಡ್ಡು ಸುರಿಯುವುದು ತಪ್ಪುತ್ತದೆ.

ಬ್ಲಾಕ್ ಮಾಡುವವರಿಗೆ ಒಂದು ಕೋರಿಕೆ: ಎಂಟು ತುಂಡನ್ನು ಒಂದೇ ಬ್ಲಾಕಿಗೆ ತುಂಬದೆ ಎರಡಕ್ಕೆ ಹಂಚಿ. ಬ್ಲಾಕನ್ನು ಪ್ರತಿ ಸಲ ಮೈಕ್ರೋಟೋಮಿಗೆ (ತೆಳು ಪದರ ಕತ್ತರಿಸುವ ಯಂತ್ರ) ಏರಿಸಿದಾಗಲೂ ಮುಖ ಸಮ ಮಾಡಲು ಹಲವು ಸೆಕ್ಷನ್ (ತೆಳು ಪದರ) ವ್ಯರ್ಥವಾಗುತ್ತವೆ. ಇವತ್ತು ಸಿಡಿಎಕ್ಸ್2, ನಾಳೆ ಎಂಎಂಆರ್, ಮುಂದಿನ ವಾರ ಹರ್2 ಎಂದು ಮಾರ್ಕರ್‌ಗಳನ್ನು ಕಂತಿನಲ್ಲಿ ಆರ್ಡರ್ ಮಾಡಿದರೆ ಸಣ್ಣ ಬಯಾಪ್ಸಿಯಲ್ಲಿ ಎನ್‌ಜಿಎಸ್ (ಹಲವು ಜೀನ್‌ಗಳನ್ನು ಒಟ್ಟಿಗೆ ಓದುವ ಪರೀಕ್ಷೆ) ಬರುವ ಹೊತ್ತಿಗೆ ಬರೀ ಮೇಣ ಉಳಿದಿರುತ್ತದೆ. ಒಂದೇ ಸಲ ಕೂತು ಎಲ್ಲ ಕತ್ತರಿಸಬೇಕು: ಐಎಚ್‌ಸಿಗೆ (ಆಂಟಿಬಾಡಿಯಿಂದ ಪ್ರೋಟೀನ್ ತೋರಿಸುವ ಸ್ಟೇನ್) 3ರಿಂದ 4 ಮೈಕ್ರಾನಿನವು ಚಾರ್ಜ್ಡ್ (ಸೆಕ್ಷನ್ ಗಟ್ಟಿ ಅಂಟುವ) ಸ್ಲೈಡ್ ಮೇಲೆ, ಡಿಎನ್‌ಎಗೆ 5 ಮೈಕ್ರಾನಿನವು 10ರಿಂದ 15. ಸಾದಾ ಸ್ಲೈಡ್ ಬಳಸಿದರೆ, ಆಂಟಿಬಾಡಿ ಹಿಡಿಯುವ ಪ್ರೋಟೀನನ್ನು (ಆಂಟಿಜೆನ್) ಮತ್ತೆ ತೆರೆಸುವ ಆಂಟಿಜೆನ್ ರಿಟ್ರೀವಲ್‌ನ ಕುದಿಯುವ ಬಫರಿನಲ್ಲಿ ಸೆಕ್ಷನ್ ಎದ್ದು ತೇಲಿಹೋಗುತ್ತದೆ. ಕತ್ತರಿಸಿಟ್ಟ ಸ್ಲೈಡ್ ತಿಂಗಳುಗಟ್ಟಲೆ ಇಟ್ಟರೆ ಆಂಟಿಜೆನ್ ಮಂಕಾಗುತ್ತದೆ, ಹಾಗಾಗಿ ಕತ್ತರಿಸಿದ ಮೇಲೆ ತಡಮಾಡಬೇಡಿ.

ಪ್ಯಾಕಿಂಗಿನಲ್ಲಿ ನಮ್ಮ ಭಾಗದವರು ಮರೆಯುವುದು ಬಿಸಿಲನ್ನು. ಪ್ಯಾರಾಫಿನ್ ಕರಗುವುದು 56ರಿಂದ 60 ಡಿಗ್ರಿಗೆ, ಮೆತ್ತಗಾಗುವುದು ಅದಕ್ಕೂ ಮುಂಚೆ. ಮೇ ತಿಂಗಳ ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬ್ಲಾಕ್ ಇಟ್ಟರೆ ಕ್ಯಾಸೆಟ್ಟಿನಿಂದ ಮೇಣ ಇಳಿದು ತುಂಡು ಓರೆಯಾಗುತ್ತದೆ. ಜಿಪ್ ಕವರು, ಬಬಲ್ ಸುತ್ತು, ಜೊತೆಗೊಂದು ತಣ್ಣಗಿನ ಜೆಲ್ ಪ್ಯಾಕ್ ಸಾಕು. ಸ್ಲೈಡ್‌ಗಳನ್ನು ಪೇಪರಿನಲ್ಲಿ ಸುತ್ತದೆ ಸ್ಲೈಡ್ ಮೇಲರಿನಲ್ಲಿ ಇಡಿ. ಗುರುತನ್ನು ಪೆನ್ಸಿಲಿನಲ್ಲಿ ಬರೆಯಬೇಕು. ಬಾಲ್‌ಪೆನ್ ಮತ್ತು ಮಾರ್ಕರ್ ಶಾಯಿ ಆಲ್ಕೋಹಾಲಿಗೂ ಜೈಲೀನಿಗೂ ಅಳಿಸಿಹೋಗುತ್ತದೆ.

ಹೆಸರಿನ ಗೊಂದಲವೂ ಇಲ್ಲಿ ಹೆಚ್ಚು. ಆಧಾರಿನಲ್ಲಿ ಒಂದು ಸ್ಪೆಲ್ಲಿಂಗ್, ಓಪಿಡಿ ಚೀಟಿಯಲ್ಲಿ ಇನ್ನೊಂದು, ಬ್ಲಾಕಿನ ಜೊತೆಗಿನ ರಿಪೋರ್ಟಿನಲ್ಲಿ ಅಪ್ಪನ ಹೆಸರು ಮುಂದೆ, ಅಡ್ಡಹೆಸರು ಮಾಯ. ಲ್ಯಾಬಿನವರು ಇದನ್ನು ಕಂಡರೆ ಕೆಲಸ ನಿಲ್ಲಿಸಿ ಪತ್ರ ಕೇಳುತ್ತಾರೆ. ಹಾಗೆ ನಿಲ್ಲಿಸುವುದು ಒಳ್ಳೆಯ ಲ್ಯಾಬಿನ ಲಕ್ಷಣ, ಅದಕ್ಕೆ ಸಿಟ್ಟಾಗಬೇಡಿ. ಬ್ಲಾಕ್ ನಂಬರ್, ಮೂಲ ರಿಪೋರ್ಟಿನ ಪ್ರತಿ, ಎಂಡೋಸ್ಕೋಪಿ ಮತ್ತು ಸಿಟಿ ರಿಪೋರ್ಟ್ ನಾಲ್ಕನ್ನೂ ಸೇರಿಸಿ ಕೊಟ್ಟರೆ ಈ ತಡ ತಪ್ಪುತ್ತದೆ.

ಹುಟ್ಟೂರು ಹುಡುಕುವ ಮಾರ್ಕರ್‌ಗಳು

ಇಲ್ಲಿ ದೂರದ ಲ್ಯಾಬ್‌ಗಳ ಕೆಲಸ ಮೆಚ್ಚುವಂಥದ್ದು. ಆಟೋಮೇಟೆಡ್ ಸ್ಟೇನರ್, ಪ್ರತಿ ಸ್ಲೈಡಿನಲ್ಲೂ ಕಂಟ್ರೋಲ್ ತುಂಡು, ಜಠರ-ಕರುಳನ್ನೇ ಓದುವ ಪೆಥಾಲಜಿಸ್ಟ್‌ಗಳು. ಬ್ಲಾಕ್ ತಲುಪಿದ ಮೇಲೆ ಐಎಚ್‌ಸಿ ರಿಪೋರ್ಟ್ ಕೆಲವೇ ಕೆಲಸದ ದಿನಗಳಲ್ಲಿ ಬರುತ್ತದೆ. ಆದರೆ ಸ್ಟೇನ್ ಹೇಳುವುದಕ್ಕೂ ಮಿತಿಯಿದೆ, ಅದನ್ನು ಒಪ್ಪಿಕೊಂಡು ಬರೆಯುವ ರಿಪೋರ್ಟೇ ನಂಬಿಕೆಗೆ ಅರ್ಹ.

ಮುಂದೆ ಬರುವ ಹೆಸರುಗಳೆಲ್ಲ ಸ್ಟೇನ್ ಹುಡುಕುವ ಪ್ರೋಟೀನ್‌ಗಳವು. ದೊಡ್ಡ ಕರುಳಿನದರಲ್ಲಿ ಸಾಮಾನ್ಯವಾಗಿ ಸಿಕೆ7 ಇಲ್ಲ, ಸಿಕೆ20 ಇದೆ, ಸಿಡಿಎಕ್ಸ್2 ಇದೆ, ಎಸ್‌ಎಟಿಬಿ2 ಇದೆ. ಸಣ್ಣ ಕರುಳಿನದರಲ್ಲಿ ಸಿಕೆ7 ಬಹಳ ಸಲ ಕಾಣುತ್ತದೆ, ಸಿಕೆ20 ಚುಕ್ಕೆಚುಕ್ಕೆಯಾಗಿರಬಹುದು, ಎಸ್‌ಎಟಿಬಿ2 ಹೆಚ್ಚಾಗಿ ಇರುವುದಿಲ್ಲ. ಆಂಪುಲ್ಲದಲ್ಲಿ ಪ್ರಶ್ನೆ ಬೇರೆ. ಅಲ್ಲಿ ಕರುಳು-ಮಾದರಿ ಮತ್ತು ಪ್ಯಾಂಕ್ರಿಯಾಟೋಬಿಲಿಯರಿ (ಮೇದೋಜೀರಕ-ಪಿತ್ತನಾಳದಂಥ) ಮಾದರಿ ಎಂದು ಎರಡು ಜಾತಿ. ಮೊದಲನೆಯದು ಸಿಕೆ20, ಸಿಡಿಎಕ್ಸ್2, ಎಂಯುಸಿ2 ಹಿಡಿಯುತ್ತದೆ (ಆ ಸ್ಟೇನ್‌ಗಳು ಕಾಣುತ್ತವೆ), ಎರಡನೆಯದು ಎಂಯುಸಿ1 ಹಿಡಿದು ಸಿಡಿಎಕ್ಸ್2, ಎಂಯುಸಿ2 ಬಿಡುತ್ತದೆ. ಕೀಮೋ ಯಾವುದು ಎಂದು ಆಂಕಾಲಜಿಸ್ಟ್ ಯೋಚಿಸುವಾಗ ಈ ಭೇದ ನೋಡುತ್ತಾರೆ. ಎರಡೂ ಬೆರೆತ ಗಡ್ಡೆಗಳಿವೆ, ಅವಕ್ಕೆ ಬಲವಂತವಾಗಿ ಒಂದು ಹೆಸರು ಅಂಟಿಸಿದ ರಿಪೋರ್ಟಿಗಿಂತ "ಮಿಶ್ರ" ಎಂದು ಬರೆದದ್ದೇ ಮೇಲು. ಯುರೇಕಲ್ ಗಡ್ಡೆಯಲ್ಲಿ ಬೀಟಾ-ಕೆಟೆನಿನ್ ಹೆಚ್ಚಾಗಿ ಜೀವಕೋಶದ ಪೊರೆಯಲ್ಲೇ ಉಳಿಯುತ್ತದೆ, ದೊಡ್ಡ ಕರುಳಿನದರಲ್ಲಿ ನ್ಯೂಕ್ಲಿಯಸ್ಸಿಗೆ ಇಳಿಯುವುದು ಹೆಚ್ಚು. ಸಹಾಯ ಆಗುತ್ತದೆ, ತೀರ್ಪು ಆಗುವುದಿಲ್ಲ.

ಮೂಗಿನ ಐಟಾಕ್ ಬಗ್ಗೆ ತುಸು ನಿಂತು ಹೇಳಬೇಕು. ಮರದ ಧೂಳಿಗೂ ಇದಕ್ಕೂ ಇರುವ ನಂಟು 1960ರ ದಶಕದಲ್ಲಿ ಇಂಗ್ಲೆಂಡಿನ ಹೈ ವಿಕಂಬ್ ಸುತ್ತಲಿನ ಪೀಠೋಪಕರಣ ಕೆಲಸಗಾರರಲ್ಲಿ ಬೆಳಕಿಗೆ ಬಂತು, ಚರ್ಮದ ಧೂಳಿನ ನಂಟು ನಾರ್ಥಾಂಪ್ಟನ್‌ಶೈರಿನ ಬೂಟು ಕೆಲಸಗಾರರಲ್ಲಿ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು 1995ರಲ್ಲಿ ಒಂದನೇ ಗುಂಪಿನ ಕಾರ್ಸಿನೋಜೆನ್ ಎಂದು ಸೇರಿಸಿತು. ನಮ್ಮಲ್ಲಿ ಬಡಿಗತನ ಮಾಡುವವರು, ಸಾಗುವಾನಿ ಬಾಗಿಲು-ಚೌಕಟ್ಟು ಉಜ್ಜುವವರು, ಚಪ್ಪಲಿ ಹೊಲಿಯುವವರು ಎಷ್ಟೋ ಮಂದಿ. ಮೂಗು ಒಂದೇ ಕಡೆ ಕಟ್ಟಿ ರಕ್ತ ಬರುತ್ತದೆ ಎಂದು ಬಂದವರ ಉದ್ಯೋಗವನ್ನು ಫಾರ್ಮಿನಲ್ಲಿ ಬರೆದರೆ ಪೆಥಾಲಜಿಸ್ಟ್ ಬೇರೆಯೇ ಕಣ್ಣಿನಿಂದ ನೋಡುತ್ತಾರೆ. ಐಟಾಕ್ ಕೂಡ ಸಿಕೆ20, ಸಿಡಿಎಕ್ಸ್2 ಹಿಡಿಯುತ್ತದೆ, ಎಸ್‌ಎಟಿಬಿ2ವನ್ನೂ ಹಿಡಿಯಬಹುದು. ದೊಡ್ಡ ಕರುಳಿನಿಂದ ಹರಡಿದ್ದಲ್ಲ ಎಂದು ಸ್ಟೇನ್ ಒಂದರಿಂದಲೇ ಹೇಳಲು ಬರುವುದಿಲ್ಲ. ಕೊಲೊನೋಸ್ಕೋಪಿ, ಸಿಟಿ ಆಗಲೇಬೇಕು. ಎಂಟರಿಕ್ ಶ್ವಾಸಕೋಶದ ಗಡ್ಡೆಗೂ ಇದೇ ಮಾತು.

ಮೂಗಿನ ತುಂಡಿನ ಜೊತೆ ಎಲುಬಿನ ಚೂರು ಬರುತ್ತದೆ. ಅದನ್ನು ಮೆತ್ತಗೆ ಮಾಡಲು ನೈಟ್ರಿಕ್ ಅಥವಾ ಹೈಡ್ರೋಕ್ಲೋರಿಕ್ ಆಸಿಡ್ಡಿಗೆ ಹಾಕಿದರೆ ಒಂದೇ ದಿನದಲ್ಲಿ ಕತ್ತರಿಸಲು ಬರುತ್ತದೆ, ಡಿಎನ್‌ಎ ಮಾತ್ರ ನಾಶ. ಎಲುಬಿಲ್ಲದ ಮೆತ್ತನೆಯ ಗಡ್ಡೆಯನ್ನು ಮೊದಲೇ ಬೇರ್ಪಡಿಸಿ ಬೇರೆ ಬ್ಲಾಕ್ ಮಾಡಬೇಕು. ಉಳಿದ ಎಲುಬನ್ನು ಇಡಿಟಿಎ ಎಂಬ ಸೌಮ್ಯ ದ್ರಾವಣದಲ್ಲಿ ಇಡಬೇಕು, ಅದಕ್ಕೆ ಹಲವು ದಿನ ಹಿಡಿದರೂ ಸರಿ. ಆಸಿಡ್ ಬಳಸಿದ್ದರೆ ಫಾರ್ಮಿನಲ್ಲಿ ಬರೆಯಿರಿ. ಇಲ್ಲದಿದ್ದರೆ ಲ್ಯಾಬಿನವರು ಹರ್2 "ಶೂನ್ಯ" ಎಂದು ಬರೆದು ಕಳಿಸುತ್ತಾರೆ, ಅದನ್ನು ನಿಜವೆಂದು ನಂಬಿ ರೋಗಿ ಒಂದು ಔಷಧಿ ಕಳೆದುಕೊಳ್ಳುತ್ತಾರೆ.

ಎಂಎಂಆರ್: ದುಡ್ಡು ಇದಕ್ಕೆ ಮೊದಲು ಹೋಗಲಿ

ಒಂದೇ ಬಯೋಮಾರ್ಕರಿಗೆ ಮಾತ್ರ ದುಡ್ಡಿದೆ ಎನ್ನುವವರಿಗೆ ನಮ್ಮ ಉತ್ತರ ಎಂಎಂಆರ್ (ಡಿಎನ್‌ಎ ನಕಲಿನ ತಪ್ಪು ತಿದ್ದುವ ಕೋಶದ ಏರ್ಪಾಡು). ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಎಂಬ ನಾಲ್ಕು ಪ್ರೋಟೀನ್‌ಗಳ ಐಎಚ್‌ಸಿ ಇದು. ಎನ್‌ಜಿಎಸ್‌ಗೆ ಆಗುವ ಖರ್ಚಿನ ಸಣ್ಣ ಪಾಲಿನಲ್ಲಿ ಮುಗಿಯುತ್ತದೆ. ಎಂಎಂಆರ್ ಕೆಟ್ಟ ಗಡ್ಡೆಗಳಿಗೆ, ಅವು ಯಾವ ಅಂಗದವೇ ಆಗಿರಲಿ, ಪೆಂಬ್ರೊಲಿಜುಮಾಬ್ ಎಂಬ ಇಮ್ಯುನೋಥೆರಪಿ ಔಷಧಿ ಕೊಡಬಹುದೆಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರ ಮೇನಲ್ಲಿ ಒಪ್ಪಿತು. ಅಂಗ ನೋಡದೆ ಮಾರ್ಕರ್ ನೋಡಿ ಕ್ಯಾನ್ಸರ್ ಔಷಧಿಗೆ ಒಪ್ಪಿಗೆ ಕೊಟ್ಟದ್ದು ಅದೇ ಮೊದಲು. ಅಪರೂಪದ ಕ್ಯಾನ್ಸರಿನವರಿಗೆ ಪ್ರತ್ಯೇಕ ದೊಡ್ಡ ಟ್ರಯಲ್‌ಗಳು ನಡೆಯುವುದೇ ಕಡಿಮೆ, ಹಾಗಾಗಿ ಇಂಥ ದಾರಿಯೇ ಅವರಿಗೆ ದಾರಿ. ಸಣ್ಣ ಕರುಳಿನ ಅಡೆನೋಕಾರ್ಸಿನೋಮದಲ್ಲಿ ಎಂಎಂಆರ್ ಕೆಟ್ಟಿರುವುದು ಅಪರೂಪವೇನಲ್ಲ. ಐಟಾಕ್‌ನಲ್ಲಿ ವಿರಳ.

ಓದುವ ಕ್ರಮ ಹೀಗೆ. ಸ್ಟೇನ್ ನ್ಯೂಕ್ಲಿಯಸ್ಸಿನಲ್ಲಿ ಕಾಣಬೇಕು. ಕ್ಯಾನ್ಸರ್ ಕೋಶದಲ್ಲಿ ಇಲ್ಲದೆ ಪಕ್ಕದ ಬಿಳಿ ರಕ್ತಕಣಗಳಾದ ಲಿಂಫೊಸೈಟ್‌ಗಳಲ್ಲಿ, ಆಧಾರ ಅಂಗಾಂಶವಾದ ಸ್ಟ್ರೋಮಾದಲ್ಲಿ, ಕರುಳಿನ ಸಹಜ ಗ್ರಂಥಿಗಳಾದ ಕ್ರಿಪ್ಟ್‌ಗಳಲ್ಲಿ ಇದ್ದರೆ ಮಾತ್ರ ಅದು ಲಾಸ್ (ಪ್ರೋಟೀನ್ ಕಳೆದುಹೋಗಿದೆ). ಪಕ್ಕದ ಕೋಶಗಳೂ ಖಾಲಿ ಇದ್ದರೆ ಸ್ಟೇನ್ ವಿಫಲ ಎಂದರ್ಥ, ಮತ್ತೆ ಮಾಡಬೇಕು. ಸಲೈನಿನಲ್ಲಿ ಕೊಳೆತ, ಅರೆಬರೆ ಫಿಕ್ಸ್ ಆದ (ಫಾರ್ಮಲಿನ್ ಸರಿಯಾಗಿ ಇಳಿಯದ) ತುಂಡಿನಲ್ಲಿ ನಡೆಯುವುದು ಇದೇ. ನಾಲ್ಕಕ್ಕೆ ನಾಲ್ಕೂ "ಲಾಸ್" ಎಂದು ಬಂದ ರಿಪೋರ್ಟ್ ಕಂಡರೆ ಮೊದಲು ಫಿಕ್ಸೇಶನ್ ಮೇಲೆ ಅನುಮಾನ ಪಡಿ.

ಎಂಎಲ್‌ಎಚ್1 ಮತ್ತು ಪಿಎಂಎಸ್2 ಜೋಡಿಯಾಗಿ ಹೋದರೆ ಅದು ಎಂಎಲ್‌ಎಚ್1 ಪ್ರೊಮೋಟರ್ ಮೆಥಿಲೇಶನ್‌ನಿಂದಲೂ (ಗಡ್ಡೆಯಲ್ಲಿ ಆ ಜೀನ್ ಬಂದ್ ಆಗುವುದು) ಆಗಿರಬಹುದು, ಹುಟ್ಟಿನಿಂದ ಬಂದ ಲಿಂಚ್ ಸಿಂಡ್ರೋಮ್ (ಮನೆತನದಲ್ಲಿ ಹರಿದುಬರುವ ಕ್ಯಾನ್ಸರ್ ಒಲವು) ಕೂಡ ಆಗಿರಬಹುದು. ದೊಡ್ಡ ಕರುಳಿನಲ್ಲಿ ಬಿಆರ್‌ಎಎಫ್ ಜೀನಿನ ವಿ600ಇ ಮ್ಯೂಟೇಶನ್ ಸಿಕ್ಕರೆ ಲಿಂಚ್ ಅಲ್ಲ ಎಂದು ಬಹುಮಟ್ಟಿಗೆ ಹೇಳಬಹುದು. ಸಣ್ಣ ಕರುಳಿನಲ್ಲಿ ಆ ಮ್ಯೂಟೇಶನ್ನೇ ಅಪರೂಪ, ಅದು ಸಿಗಲಿಲ್ಲ ಎಂದರೆ ಏನೂ ತಿಳಿಯುವುದಿಲ್ಲ. ಇಲ್ಲಿ ಮೆಥಿಲೇಶನ್ ಟೆಸ್ಟೇ ಬೇಕು. ದೊಡ್ಡ ಕರುಳಿನ ಪ್ಯಾಕೇಜನ್ನೇ ಸಣ್ಣ ಕರುಳಿಗೂ ಅಂಟಿಸುವ ಸೆಂಟರ್‌ಗಳು ಈ ಜಾಗದಲ್ಲಿ ಎಡವುತ್ತವೆ. ಎಂಎಸ್‌ಎಚ್2-ಎಂಎಸ್‌ಎಚ್6 ಜೋಡಿ ಹೋಗಿದ್ದರೆ, ಇಲ್ಲವೇ ಎಂಎಸ್‌ಎಚ್6 ಅಥವಾ ಪಿಎಂಎಸ್2 ಒಂಟಿಯಾಗಿ ಹೋಗಿದ್ದರೆ, ಜೆನೆಟಿಕ್ ಕೌನ್ಸೆಲಿಂಗ್ ಆಗಿ ರಕ್ತದ ಪರೀಕ್ಷೆ ಆಗಬೇಕು. ಅಣ್ಣ-ತಮ್ಮ, ಅಕ್ಕ-ತಂಗಿ, ಮಕ್ಕಳಿಗೂ ಸಂಬಂಧಿಸಿದ ವಿಷಯ ಇದು. ರಿಪೋರ್ಟನ್ನು ಬರೀ ವಾಟ್ಸಾಪಿನಲ್ಲಿ ಕಳಿಸಿ ಕೈತೊಳೆದುಕೊಳ್ಳುವುದು ಸೇವೆಯಲ್ಲ.

ರಿಪೋರ್ಟಿನಲ್ಲಿ ನಾಲ್ಕೂ ಪ್ರೋಟೀನಿನ ಎದುರು "ಇಂಟ್ಯಾಕ್ಟ್" ಅಥವಾ "ಲಾಸ್" ಎಂದು ಬಿಡಿಬಿಡಿಯಾಗಿ ಇರಲಿ. "ಎಂಎಂಆರ್ ನೆಗೆಟಿವ್" ಎಂದಷ್ಟೇ ಇದ್ದರೆ ಒಬ್ಬರು ರೋಗವಿಲ್ಲ ಎಂದು ಓದುತ್ತಾರೆ, ಇನ್ನೊಬ್ಬರು ಪ್ರೋಟೀನ್ ಇಲ್ಲ ಎಂದು. ಅನುಮಾನ ಉಳಿದರೆ ಎಂಎಸ್‌ಐ ಪಿಸಿಆರ್ (ಎಂಎಂಆರ್ ಕೆಟ್ಟಾಗ ಡಿಎನ್‌ಎಯ ಪುನರಾವರ್ತಿತ ಚೂರುಗಳು ಅಸ್ಥಿರವಾಗಿವೆಯೇ ನೋಡುವ ಪರೀಕ್ಷೆ) ಇದೆ. ಐದು ಮಾನೋನ್ಯೂಕ್ಲಿಯೋಟೈಡ್ ಗುರುತುಗಳಲ್ಲಿ ಎರಡೋ ಹೆಚ್ಚೋ ಅಸ್ಥಿರವಾಗಿದ್ದರೆ ಎಂಎಸ್‌ಐ-ಹೈ.

ಹರ್2, ಎನ್‌ಜಿಎಸ್, ಪ್ಯಾಕೇಜ್

ಹರ್2 ಐಎಚ್‌ಸಿ 3 ಪ್ಲಸ್ (ಅತಿ ಗಾಢ) ಇದ್ದರೆ ಟ್ರಾಸ್ಟುಜುಮಾಬ್ ಡೆರುಕ್ಸ್ಟೆಕಾನ್ ಎಂಬ ಔಷಧಿಗೆ ಎಫ್‌ಡಿಎ 2024ರ ಏಪ್ರಿಲ್‌ನಲ್ಲಿ ಅಂಗಭೇದವಿಲ್ಲದ ಒಪ್ಪಿಗೆ ಕೊಟ್ಟಿದೆ. ಓದುವುದು ಜಠರದ ಪದ್ಧತಿಯಲ್ಲಿ, ಕೋಶದ ಸುತ್ತ ಪೂರ್ತಿ ಉಂಗುರ ಕಾಣಬೇಕಿಲ್ಲ, ಬುಡ ಮತ್ತು ಪಕ್ಕಗಳಲ್ಲಿ ಕಂಡರೂ ಲೆಕ್ಕಕ್ಕೆ ಬರುತ್ತದೆ. ಸ್ತನದ ಪದ್ಧತಿಯಲ್ಲಿ ಓದಿದರೆ ಅಂಕ ಕಡಿಮೆಯಾಗುತ್ತದೆ. ಯಾವ ಪದ್ಧತಿ ಬಳಸಿದ್ದಾರೆಂದು ರಿಪೋರ್ಟಿನಲ್ಲಿ ಬರೆದಿರಲಿ. 2 ಪ್ಲಸ್ ಆದರೆ ಫಿಶ್ (ಜೀನಿನ ಪ್ರತಿಗಳನ್ನು ಎಣಿಸುವ ಪರೀಕ್ಷೆ). ಸಣ್ಣ ಕರುಳಿನಲ್ಲಿ ಹರ್2 ಜೀನಿನ ಬದಲಾವಣೆಗಳು ಬಹುಪಾಲು ಮ್ಯೂಟೇಶನ್ ರೂಪದವು, ಅವು ಐಎಚ್‌ಸಿಯಲ್ಲಿ ಕಾಣುವುದಿಲ್ಲ. ಎನ್‌ಜಿಎಸ್ ಬೇಕಾಗುವುದು ಇಂಥದ್ದಕ್ಕೆ. ಪಿಡಿ-ಎಲ್1 ಎಂಬ ಇನ್ನೊಂದು ಮಾರ್ಕರ್ ಈ ಗುಂಪಿನಲ್ಲಿ ಎಂಎಂಆರ್‌ನಷ್ಟು ದಾರಿ ತೋರುವುದಿಲ್ಲ, ಅಂಗಾಂಶ ಕಡಿಮೆಯಿದ್ದರೆ ಬಿಡಿ.

ಎನ್‌ಜಿಎಸ್‌ಗೆ ಹತ್ತಾರು ಸಾವಿರ ರೂಪಾಯಿ, ಎರಡು-ಮೂರು ವಾರ. ಆರ್ಡರ್ ಮಾಡುವ ಮೊದಲು ಕೇಳಬೇಕಾದ್ದು ಜೀನ್‌ಗಳ ಸಂಖ್ಯೆಯೊಂದನ್ನೇ ಅಲ್ಲ. ಆರ್‌ಎನ್‌ಎ ಕೂಡ ನೋಡುತ್ತಾರೋ? ಎನ್‌ಟಿಆರ್‌ಕೆ, ಆರ್‌ಇಟಿ ಫ್ಯೂಷನ್‌ಗಳು (ಜೀನ್ ಮುರಿದು ಇನ್ನೊಂದಕ್ಕೆ ಅಂಟಿಕೊಳ್ಳುವುದು) ಬರೀ ಡಿಎನ್‌ಎ ಪ್ಯಾನೆಲ್‌ನಲ್ಲಿ ತಪ್ಪಿಹೋಗಬಹುದು. ಟಿಎಂಬಿ (ಗಡ್ಡೆಯಲ್ಲಿರುವ ಮ್ಯೂಟೇಶನ್‌ಗಳ ಹೊರೆ) ಕೊಡುತ್ತಾರೋ, ಕೊಟ್ಟರೆ ಎಷ್ಟು ಮೆಗಾಬೇಸ್ (ಹತ್ತು ಲಕ್ಷ ಡಿಎನ್‌ಎ ಅಕ್ಷರ) ಓದಿ? 50 ಜೀನಿನ ಪುಟ್ಟ ಪ್ಯಾನೆಲ್‌ನಿಂದ ಲೆಕ್ಕಹಾಕಿದ ಟಿಎಂಬಿಯನ್ನು ನೆಚ್ಚಬೇಡಿ. ಅಂಗಾಂಶ ಸಾಲದೆ ಟೆಸ್ಟ್ ನಿಂತರೆ ದುಡ್ಡು ವಾಪಸ್ಸೋ, ಕಡಿತವೋ? ಇದನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ, ಆಮೇಲೆ ಫೋನಿನಲ್ಲಿ ಕೇಳಿದರೆ ಒಬ್ಬರ ಮೇಲೊಬ್ಬರು ಹಾಕುತ್ತಾರೆ.

ಗಡ್ಡೆಯ ಪ್ರಮಾಣ ಸಾಮಾನ್ಯವಾಗಿ 20 ಪರ್ಸೆಂಟ್ ಇರಬೇಕು. ಈ ಲೆಕ್ಕ ಜಾಗದ್ದಲ್ಲ, ನ್ಯೂಕ್ಲಿಯಸ್‌ಗಳದ್ದು. ಮ್ಯೂಸಿನ್ (ಲೋಳೆ) ತುಂಬಿದ ಅಪೆಂಡಿಕ್ಸ್ ಗಡ್ಡೆಯಲ್ಲಿ ಸ್ಲೈಡ್ ತುಂಬ ಕ್ಯಾನ್ಸರ್ ಕಂಡರೂ ಕೋಶಗಳು ಬೆರಳೆಣಿಕೆ, ನಡುವೆ ಲಿಂಫೊಸೈಟ್ ಹಿಂಡು ಬೇರೆ. ಪೆಥಾಲಜಿಸ್ಟ್ ಸ್ಲೈಡಿನಲ್ಲಿ ಗಡ್ಡೆಯ ಜಾಗಕ್ಕೆ ಗೆರೆ ಹಾಕಿ ಅಷ್ಟನ್ನೇ ಕೆರೆದು ಕೊಟ್ಟರೆ ಫಲಿತಾಂಶ ಬರುತ್ತದೆ. ಒಳ್ಳೆಯ ಲ್ಯಾಬ್‌ಗಳು ಇದನ್ನು ಕೇಳದೆಯೇ ಮಾಡುತ್ತವೆ, ರಿಪೋರ್ಟಿನಲ್ಲಿ ಶೇಕಡಾವಾರು ಬರೆಯುತ್ತವೆ.

ಅಂಗಾಂಶ ಮುಗಿದಿದ್ದರೆ ರಕ್ತದಿಂದ ಮಾಡುವ ಲಿಕ್ವಿಡ್ ಬಯಾಪ್ಸಿ ಇದೆ. ಅದಕ್ಕೆ ಮಾಮೂಲಿ ನೇರಳೆ ಮುಚ್ಚಳದ ಟ್ಯೂಬ್ ನಡೆಯುವುದಿಲ್ಲ, ಕೋಶ ಒಡೆಯದಂತೆ ಕಾಯುವ ವಿಶೇಷ ಟ್ಯೂಬ್ ಬೇಕು. ಇಂಥ ಟ್ಯೂಬಿನ ಮೇಲ್ಮಿತಿ 37 ಡಿಗ್ರಿಯ ಆಸುಪಾಸು. ಬೇಸಿಗೆಯಲ್ಲಿ ಕಲಬುರಗಿಯ ನೆರಳೂ ಅದನ್ನು ದಾಟುತ್ತದೆ, ಹಾಗೆಂದು ಐಸಿನ ಮೇಲೆ ಇಟ್ಟರೆ ಅದೂ ತಪ್ಪು. ಬೆಳಿಗ್ಗೆ ರಕ್ತ ತೆಗೆದು ಇನ್ಸುಲೇಟೆಡ್ ಡಬ್ಬಿಯಲ್ಲಿಟ್ಟು ಅಂದೇ ರಾತ್ರಿ ಹೈದರಾಬಾದಿಗೆ ಹೊರಡುವಂತೆ ನೋಡಿಕೊಳ್ಳಿ. ರಕ್ತದಲ್ಲಿ ಏನೂ ಸಿಗಲಿಲ್ಲ ಎಂದರೆ ಗಡ್ಡೆಯಲ್ಲಿ ಇಲ್ಲ ಎಂದಲ್ಲ.

ಪ್ಯಾಕೇಜಿಗೆ 5ಕ್ಕೆ 1 ಕೊಟ್ಟದ್ದರ ಕಾರಣ ಈಗ ಹೇಳಬಹುದು. ಎಚ್ ಅಂಡ್ ಇ ಸ್ಲೈಡ್ ಯಾರೂ ನೋಡುವ ಮೊದಲೇ "ಜಿಐ ಕ್ಯಾನ್ಸರ್ ಕಂಪ್ಲೀಟ್" ಎಂಬಂಥ ಹೆಸರಿನಲ್ಲಿ ಹತ್ತು-ಹನ್ನೆರಡು ಮಾರ್ಕರ್ ಕಟ್ಟಿ ಮಾರುತ್ತಾರೆ. ಸಣ್ಣ ಬಯಾಪ್ಸಿ ಅದರಲ್ಲೇ ಖಾಲಿ. ಜಮೀನಿನ ಮೇಲೆ ಸಾಲ ತಂದು ಕಟ್ಟಿದ ದುಡ್ಡಿಗೆ ಎಂಟು ಬೇಡದ ಸ್ಟೇನ್, ಬೇಕಾದ ಮೆಥಿಲೇಶನ್ನಿಗೆ ಅಂಗಾಂಶವಿಲ್ಲ. ನಾವು ಹೇಳುವ ಕ್ರಮ: ಮೊದಲು ಊರಲ್ಲೇ ಎಚ್ ಅಂಡ್ ಇ, ಆಮೇಲೆ ಒಂದೇ ಸಲಕ್ಕೆ ಎಂಎಂಆರ್ ನಾಲ್ಕು, ಸಿಕೆ7, ಸಿಕೆ20, ಸಿಡಿಎಕ್ಸ್2, ಎಸ್‌ಎಟಿಬಿ2, ಹರ್2, ಆಂಪುಲ್ಲವಾದರೆ ಜೊತೆಗೆ ಎಂಯುಸಿ1, ಎಂಯುಸಿ2. ಎನ್‌ಜಿಎಸ್‌ನ ಸ್ಲೈಡ್‌ಗಳನ್ನು ಅದೇ ಕೂರಿಕೆಯಲ್ಲಿ ಕತ್ತರಿಸಿಡಿ. ಆಪರೇಷನ್ನಿಗೆ ಬಗ್ಗದ, ಹರಡಿದ ರೋಗವಿದ್ದು ಮುಂದಿನ ಔಷಧಿಯ ನಿರ್ಧಾರ ಅದರ ಮೇಲೆ ನಿಂತಿದ್ದರೆ ಮಾತ್ರ ಎನ್‌ಜಿಎಸ್‌ನ ದುಡ್ಡು ಕಟ್ಟಿ. ನಗರದಲ್ಲೇ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಪೆರಿಫೆರಲ್ ಕೇಂದ್ರವಿದೆ, ದುಡ್ಡು ಕಟ್ಟುವ ಮೊದಲು ಅಲ್ಲಿನ ಅಥವಾ ನಿಮ್ಮ ಆಂಕಾಲಜಿಸ್ಟರಿಗೆ ಪಟ್ಟಿ ತೋರಿಸಿ.

ಲ್ಯಾಬ್ ಆರಿಸುವಾಗ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಮುದ್ರೆ ಇದೆ ಎಂದಷ್ಟೇ ನೋಡಿದರೆ ಸಾಲದು. ಐಎಸ್‌ಒ 15189 ಮಾನ್ಯತೆ ಟೆಸ್ಟ್‌ವಾರು ಪಟ್ಟಿಯ ಮೇಲೆ ಇರುತ್ತದೆ. ರಕ್ತ ಪರೀಕ್ಷೆಗೆ ಸಿಕ್ಕ ಮುದ್ರೆ ಎಂಎಂಆರ್ ಐಎಚ್‌ಸಿಗೆ ಅನ್ವಯಿಸುವುದಿಲ್ಲ. ನಿಮ್ಮ ಟೆಸ್ಟ್ ಆ ಪಟ್ಟಿಯಲ್ಲಿ ಇದೆಯೇ ಎಂದು ಕೇಳಿ, ಅದನ್ನು ತೋರಿಸಲು ಹಿಂದೆಮುಂದೆ ನೋಡುವ ಸೆಂಟರ್ ಬಿಡಿ.

ಕೆಲಸ ಮುಗಿದ ಮೇಲೆ ಬ್ಲಾಕ್ ವಾಪಸ್ ಕೇಳಿ ಪಡೆಯಿರಿ. ಸೆಂಟರಿನವರು ತಾವಾಗಿ ಕರೆದು ಕೊಡುವುದು ಕಡಿಮೆ. ಕೈಗೆ ಬಂದಾಗ ಕ್ಯಾಸೆಟ್ಟಿನ ಮೇಲಿನ ನಂಬರನ್ನು ಮೂಲ ರಿಪೋರ್ಟಿನ ನಂಬರಿಗೆ ಹೋಲಿಸಿ, ಮೇಣದೊಳಗೆ ಕಂದು ತುಂಡು ಇನ್ನೂ ಕಾಣುತ್ತಿದೆಯೇ ನೋಡಿ. ಬ್ಲಾಕ್ ಮಾಡಿದ ಆಸ್ಪತ್ರೆಗೇ ಮರಳಿಸಿ ರಸೀದಿ ತೆಗೆದುಕೊಳ್ಳುವುದು ಉತ್ತಮ. ಮನೆಯಲ್ಲೇ ಇಡುವುದಾದರೆ ಜಿಪ್ ಕವರಿನಲ್ಲಿ ಹಾಕಿ ಕೆಳಗಿನ ಕೋಣೆಯ ತಣ್ಣನೆಯ ಜಾಗದಲ್ಲಿ ಇಡಿ. ತಗಡಿನ ಛಾವಣಿಯ ಕೆಳಗಿನ ಅಟ್ಟದ ಮೇಲೆ ಬೇಡ.